ಸಿಡುಬಿನ ಕಲೆಯ ಅರಸ

ಪ್ರಶ್ನೆ: ಐತಿಹಾಸಿಕ ಚಿತ್ರಗಳೆಂದರೆ ಈಗ ಬರೀ ಗ್ರಾಫಿಕ್ಸ್ ಯುದ್ಧ, ನಾಯಕನ ಮೈಕಟ್ಟು, ಅಬ್ಬರದ ಘೋಷಣೆ, ಮೊಬೈಲ್ ತೆರೆದರೆ ರೀಲ್ಸ್‌ನಲ್ಲಿಯೂ ಅದೇ ಸಂಭಾಷಣೆ. ಈ ನಿರಾಸೆ ನನಗೊಬ್ಬನಿಗೇನೇ?
– ಓದುಗರೊಬ್ಬರು, ಶಿರಸಿ

ಉತ್ತರ: ನಿಮಗೊಬ್ಬರಿಗೇ ಅಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯನು ಮಧ್ಯಮ ಎತ್ತರದ, ತುಸು ದಪ್ಪ ಮೈಯ, ಮುಖದಲ್ಲಿ ಸಿಡುಬಿನ ಕಲೆಗಳಿದ್ದ ಅರಸನೆಂದೂ, ನಸುಕಿಗೂ ಮೊದಲೇ ಎದ್ದು ಎಳ್ಳೆಣ್ಣೆ ಕುಡಿದು, ಮೈಗೂ ಅದನ್ನೇ ಹಚ್ಚಿಕೊಂಡು, ಆ ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಭಾರ ಎತ್ತಿ, ಕತ್ತಿವರಸೆ ಮಾಡಿ, ಕುಸ್ತಿಯಾಡಿ, ಬಳಿಕ ಕುದುರೆ ಏರುತ್ತಿದ್ದನೆಂದೂ ಬರೆದಿದ್ದಾನೆ. ರೀಲ್ಸ್‌ಗಳನ್ನು ದೂರಿ ಫಲವಿಲ್ಲ. ಸಿನಿಮಾ ಕೊಟ್ಟದ್ದನ್ನೇ ಅವು ತುಂಡರಿಸಿ ಹಂಚುತ್ತವೆ. ಪಾಯೆಸ್ ಕಂಡ ಅರಸನನ್ನು ತೆರೆಗೆ ತರಲು ಗ್ರಾಫಿಕ್ಸ್ ಬೇಕಿಲ್ಲ, ಆದರೆ ಮುಖಕ್ಕೆ ಸಿಡುಬಿನ ಕಲೆ ಬಳಿಸಿಕೊಳ್ಳಲು ಒಪ್ಪುವ ನಾಯಕನಟ ಸಿಗಬೇಕಲ್ಲ!