ಸುಂಟರಗಾಳಿ ದಿನಗಟ್ಟಲೆ ಇರುತ್ತದೆಯೇ?

ಪ್ರಶ್ನೆ: ಮಗಳು ಅಮೆರಿಕದ ಒಕ್ಲಹೋಮಾ ಸಿಟಿಯಲ್ಲಿದ್ದಾಳೆ. ನಾಲ್ಕು ದಿನದಿಂದ ಅಲ್ಲೂ ಅಕ್ಕಪಕ್ಕದ ರಾಜ್ಯಗಳಲ್ಲೂ ಟೊರ್ನಾಡೊ ಅಂತೆ. ನಮ್ಮ ಹೊಲದ ಸುಂಟರಗಾಳಿ ಎರಡು ನಿಮಿಷ ತಿರುಗಿ ಹೋಗಿಬಿಡುತ್ತದೆ. ಅದು ಇಷ್ಟು ದಿನ ಹೇಗೆ ಇರುತ್ತದೆ? ನನಗೆ ನಿದ್ದೆ ಇಲ್ಲ.
– ಓದುಗರು, ಗದಗ

ಉತ್ತರ: ಅಕ್ಕಾ, ನಾನೂ ಮುಳಗುಂದದ ಕಡೆಯವನೇ. ಜೋಳದ ರಾಶಿ ಮುಗಿದು ಕರಿ ಹೊಲ ಬಿರುಕು ಬಿಟ್ಟಾಗ, ಮಟಮಟ ಮಧ್ಯಾಹ್ನ ಸುಂಟರಗಾಳಿ ಏಳುತ್ತಿತ್ತು. ಒಮ್ಮೆ ಅಪ್ಪನ ಟವೆಲ್ಲನ್ನು ಕಣಿಕಿ ಬಣವಿಗಿಂತ ಮೇಲೆ ಒಯ್ದು, ಬದುವಿನ ಬೇವಿನ ಗಿಡಕ್ಕೆ ಸಿಕ್ಕಿಸಿತ್ತು. ಆದರೆ ಅದು ಕಾದ ನೆಲದಿಂದ ಏಳುವ ಗಾಳಿ. ಮೇಲೆ ಮೋಡ ಇರಬೇಕೆಂದಿಲ್ಲ. ಟೊರ್ನಾಡೊ ದೊಡ್ಡ ಗುಡುಗು ಮೋಡದಿಂದ ಕೆಳಗೆ ಇಳಿಯುತ್ತದೆ.

ಅದೂ ಬಹಳ ಹೊತ್ತು ಇರುವುದಿಲ್ಲ. ಹೆಚ್ಚಿನವು ಹತ್ತು ನಿಮಿಷದೊಳಗೆ ಮುಗಿಯುತ್ತವೆ. ದಿನಗಟ್ಟಲೆ ಉಳಿಯುವುದು ಅದನ್ನು ಹುಟ್ಟಿಸುವ ಹವೆ. ಮೆಕ್ಸಿಕೋ ಕೊಲ್ಲಿಯಿಂದ ಬೆಚ್ಚಗಿನ ಹಸಿ ಗಾಳಿ ಬರುತ್ತದೆ. ಅದರ ಮೇಲೆ ಪಶ್ಚಿಮದ ಒಣಗಾಳಿ. ಇನ್ನೂ ಎತ್ತರದಲ್ಲಿ ಜೆಟ್ ಸ್ಟ್ರೀಮ್ ಎಂಬ ಭಾರಿ ವೇಗದ ಗಾಳಿ. ಕೆಳಗೊಂದು ದಿಕ್ಕು, ಮೇಲೊಂದು ದಿಕ್ಕು ಅಂದಾಗ ಮೋಡವೇ ತಿರುಗತೊಡಗುತ್ತದೆ. ಈ ಹವೆ ಕದಲದೆ ನಿಂತರೆ ದಿನಾ ಮಧ್ಯಾಹ್ನ ಹೊಸ ಮೋಡ, ಹೊಸ ಟೊರ್ನಾಡೊ. 2003ರ ಮೇ ತಿಂಗಳಲ್ಲಿ ಇಡೀ ಅಮೆರಿಕದಲ್ಲಿ ಒಂದೇ ವಾರಕ್ಕೆ 400ರ ಹತ್ತಿರ ಬಂದವು. ನಿಮ್ಮ ಮಗಳ ಊರಿನ ಪ್ರದೇಶಕ್ಕೆ ಮೇ 8ರಂದು ಹೊಡೆಯಿತು, 9ರಂದು ಮತ್ತೆ ಹೊಡೆಯಿತು. 2011ರ ಏಪ್ರಿಲ್‌ನಲ್ಲಿ ಅಮೆರಿಕದ ಬೇರೆ ರಾಜ್ಯಗಳಲ್ಲಿ ನಾಲ್ಕೇ ದಿನದಲ್ಲಿ 300ಕ್ಕೂ ಜಾಸ್ತಿ ಜನ ಸತ್ತರು. ಹೆದರಿಸಲು ಹೇಳುತ್ತಿಲ್ಲ. ನಿನ್ನೆ ಬಂದು ಹೋಯಿತಲ್ಲ, ಇನ್ನು ಬರಲ್ಲ ಅಂತ ಆಕೆ ಸುಮ್ನೆ ಕೂರಬಾರದು, ಅದಕ್ಕೆ.

ಫೋನಿಗೆ 'ವಾಚ್' ಅಂತ ಬಂದರೆ ಟೊರ್ನಾಡೊ ಆಗುವಂಥ ಹವೆ ಇದೆ ಎಂದರ್ಥ. 'ವಾರ್ನಿಂಗ್' ಅಂದರೆ ಕಣ್ಣಿಗೋ ರೇಡಾರಿಗೋ ಕಂಡಿದೆ. ಆಗ ವಿಡಿಯೊ ಮಾಡುತ್ತ ಬಾಗಿಲಲ್ಲಿ ನಿಲ್ಲಬಾರದು. ನೆಲಮಾಳಿಗೆಗೆ ಇಳಿಯಬೇಕು. ಅದಿಲ್ಲದಿದ್ದರೆ ಕೆಳಗಿನ ಮಹಡಿಯ, ಕಿಟಕಿ ಇಲ್ಲದ ನಡುವಿನ ಕೋಣೆ. ಬಚ್ಚಲುಮನೆ ಆದರೂ ಸರಿ. ತಲೆಗೆ ಹೆಲ್ಮೆಟ್, ಕಾಲಿಗೆ ಬೂಟು. ಆಮೇಲೆ ಹೊರಗೆ ಬಂದರೆ ಗಾಜು, ಮೊಳೆ ಬಿದ್ದಿರುತ್ತವೆ, ಅಲ್ವಾ?

ಇನ್ನೊಂದು ಮಾತು. ಟೊರ್ನಾಡೊ ಜಾಸ್ತಿ ಬರುವುದು ಅಲ್ಲಿ ಸಂಜೆ. ಅಲ್ಲಿ ಸಂಜೆ 5 ಅಂದರೆ ಏಪ್ರಿಲ್, ಮೇ ತಿಂಗಳಲ್ಲಿ ನಮಗೆ ಬೆಳಗಿನ ಜಾವ 3.30. ಆ ಹೊತ್ತಿಗೆ ಎದ್ದು ಮೇಲಿಂದ ಮೇಲೆ ಫೋನ್ ಮಾಡಬೇಡಿ. ಕೋಣೆಯಿಂದ ಹೊರಗೆ ಬಂದ ಕೂಡಲೇ 'ಆರಾಮ ಇದ್ದೀನಿ' ಅಂತ ಒಂದು ಮೆಸೇಜ್ ಹಾಕಲು ಹೇಳಿಡಿ.