ದುಬೈಗೆ ಬರುವ ಮೊದಲು: ಬೇಸಿಕ್ ಎಷ್ಟು, ಪಾಸ್‌ಪೋರ್ಟ್ ಯಾರ ಕೈಯಲ್ಲಿ

ತಮ್ಮಾ, ನಿನ್ನ ಪ್ರಶ್ನೆ ಇಷ್ಟು: ಬೆಂಗಳೂರಿನಲ್ಲಿ ಅಕೌಂಟ್ಸ್ ಕೆಲಸ, ಕೈಗೆ ತಿಂಗಳಿಗೆ 55,000 ರೂಪಾಯಿ. ದುಬೈಯ ಒಂದು ಕಂಪನಿ 7,000 ದಿರ್ಹಂ ಕೊಡುತ್ತೇನೆ ಎಂದಿದೆ. ಕುಂದಾಪುರದ ಹತ್ತಿರ ಅಪ್ಪ, ಅಮ್ಮ, ಸ್ವಲ್ಪ ಗದ್ದೆ, ತೋಟ. ಹೆಂಡತಿ, ನಾಲ್ಕು ವರ್ಷದ ಮಗಳು. ಬರುವುದಾ ಬೇಡವಾ, ಬಂದರೆ ಎಲ್ಲರೂ ಒಟ್ಟಿಗೇ ಬರುವುದಾ?

ನಾನು ಬಂದ ಕಾಲಕ್ಕೆ ಮಂಗಳೂರಿನಿಂದ ದುಬೈಗೆ ನೇರ ವಿಮಾನ ಇರಲಿಲ್ಲ, ಮುಂಬೈ ಸುತ್ತಿ ಬರಬೇಕಿತ್ತು. ಈಗ ಬಜ್ಪೆಯಲ್ಲಿ ಹತ್ತಿದರೆ ನಾಲ್ಕು ಗಂಟೆಯೊಳಗೆ ಇಲ್ಲಿ ಇಳಿಯಬಹುದು. ಅದಕ್ಕೇ ಎಲ್ಲರೂ ‘ದುಬೈ ಈಗ ಹತ್ತಿರ’ ಎನ್ನುತ್ತಾರೆ. ಊರು ನಿಜವಾಗಿ ಎಷ್ಟು ದೂರ ಎಂಬುದು ನಿನ್ನ ರಜೆ, ವೀಸಾ, ಸಾಲ ಇವುಗಳ ಮೇಲೆ ನಿಂತಿದೆ. ಅದರ ಬಗ್ಗೆಯೇ ಹೆಚ್ಚು ಬರೆಯುತ್ತೇನೆ.

ಮೊದಲು ಸಂಬಳ. ದಿರ್ಹಂಗೆ 23 ರೂಪಾಯಿ ಎಂದು 7,000ವನ್ನು 23ರಿಂದ ಗುಣಿಸಿ 1,61,000 ಎಂದು ನೀನು ಆಗಲೇ ಲೆಕ್ಕ ಹಾಕಿರುತ್ತೀ. ಆ ಗುಣಾಕಾರ ಊರಿಗೆ ಕಳಿಸುವ ಹಣಕ್ಕೆ ಮಾತ್ರ ಸರಿ. ಆಫರ್ ಲೆಟರಿನಲ್ಲಿ ನೋಡಬೇಕಾದ್ದು ಒಟ್ಟು ಮೊತ್ತವಲ್ಲ, ಬೇಸಿಕ್, ಅಂದರೆ ಅಲೋಯನ್ಸ್ ಬಿಟ್ಟ ಮೂಲ ಸಂಬಳ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಬೇಸಿಕ್ ಮೇಲೆಯೇ ಲೆಕ್ಕ: ಒಂದು ವರ್ಷ ತುಂಬಿದ ಮೇಲೆ, ಮೊದಲ 5 ವರ್ಷಗಳಿಗೆ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲಿನ ವರ್ಷಗಳಿಗೆ 30 ದಿನದ್ದು. ಬೇಸಿಕ್ 2,800 ಎಂದು ಬರೆದು ಉಳಿದ 4,200ನ್ನು ಅಲೋಯನ್ಸ್ ಎಂದು ಹಂಚಿದ್ದರೆ 5 ವರ್ಷಕ್ಕೆ ಸಿಗುವುದು 9,800 ದಿರ್ಹಂ. ಅದೇ ಬೇಸಿಕ್ 4,200 ಇದ್ದರೆ 14,700. ಉಳಿದ ರಜೆಯ ದುಡ್ಡು ಕೊಡುವುದೂ ಬೇಸಿಕ್ ಮೇಲೆ. ಕೆಲಸ ಹೋದರೆ ಸಿಗುವ ಐಎಲ್‌ಒಇ ವಿಮೆಯೂ ಬೇಸಿಕ್‌ನ 60 ಶೇಕಡಾ, ಹೆಚ್ಚೆಂದರೆ 3 ತಿಂಗಳು. ಅದಕ್ಕೂ ಕನಿಷ್ಠ 12 ತಿಂಗಳು ಕಂತು ಕಟ್ಟಿರಬೇಕು. ನಿನ್ನ ಸಂಬಳದವರಿಗೆ ಕಂತು ತಿಂಗಳಿಗೆ 5 ದಿರ್ಹಂ, ಮಾಡಿಸುವುದು ಕಡ್ಡಾಯ. ಪಿಂಚಣಿ ಎಂಬುದು ನಮಗೆ ಇಲ್ಲಿ ಇಲ್ಲ. ಆದ್ದರಿಂದ ಚೌಕಾಶಿ ಮಾಡುವುದಿದ್ದರೆ ಬೇಸಿಕ್ ಏರಿಸಲು ಮಾಡು. ಸಹಿ ಹಾಕಿದ ಮೇಲೆ ಯಾರೂ ಕೇಳುವುದಿಲ್ಲ.

ಇಲ್ಲಿ ಆದಾಯ ತೆರಿಗೆ ಇಲ್ಲ. ದಿರ್ಹಂ ಡಾಲರಿಗೆ 3.6725ರ ದರದಲ್ಲಿ ಕಟ್ಟಿಕೊಂಡಿದೆ. ಡಾಲರಿಗೆ 60 ರೂಪಾಯಿ ಇದ್ದಾಗ ದಿರ್ಹಂ 16 ಚಿಲ್ಲರೆ, 85 ಆದಾಗ 23. ಇಲ್ಲಿ ಸಂಬಳ ಏರದೆ ನಿಂತ ಎಷ್ಟೋ ಮನೆಗಳು ನಡೆದದ್ದು ರೂಪಾಯಿ ಇಳಿದದ್ದರಿಂದ. ಇಲ್ಲಿಯೇ ಸಂಸಾರ ಹೂಡಿದರೆ ಆ ಲಾಭ ನಿನಗಿಲ್ಲ, ಏಕೆಂದರೆ ಖರ್ಚೆಲ್ಲ ದಿರ್ಹಂನಲ್ಲೇ.

ಅದಕ್ಕೇ ಎರಡನೇ ಪ್ರಶ್ನೆಗೆ ನನ್ನ ಉತ್ತರ: ಮೊದಲ ವರ್ಷ ಒಬ್ಬನೇ ಬಾ. ಸಂಸಾರ ಕರೆತರಲು ಕಾನೂನು ಅಡ್ಡ ಬರುವುದಿಲ್ಲ. 4,000 ದಿರ್ಹಂ ಸಂಬಳ ಇದ್ದರೆ, ಅಥವಾ 3,000 ಜೊತೆಗೆ ಕಂಪನಿಯ ವಸತಿ ಇದ್ದರೆ, ಹೆಂಡತಿ ಮಕ್ಕಳಿಗೆ ವೀಸಾ ಮಾಡಿಸಬಹುದು. ಕಷ್ಟ ಇರುವುದು ಮನೆ ಹಿಡಿಯುವ ಮೊದಲ ದಿನದ ದುಡ್ಡಿನಲ್ಲಿ. ವರ್ಷಕ್ಕೆ 48,000 ದಿರ್ಹಂ ಬಾಡಿಗೆಯ ಮನೆ ಎಂದಿಟ್ಟುಕೋ. ವರ್ಷದ ಬಾಡಿಗೆಯನ್ನು ನಾಲ್ಕು ಚೆಕ್‌ಗಳಲ್ಲಿ ಕೊಡುವುದಾದರೆ ಮೊದಲನೆಯದು 12,000. ಡಿಪಾಸಿಟ್ 5 ಶೇಕಡಾ 2,400, ಏಜೆಂಟ್ ಕಮಿಷನ್ 5 ಶೇಕಡಾ ಇನ್ನೊಂದು 2,400, ಕರೆಂಟು ನೀರು ಕೊಡುವ ಸರಕಾರಿ ಸಂಸ್ಥೆ ‘ದೇವಾ’ಕ್ಕೆ (DEWA) ಡಿಪಾಸಿಟ್ 2,000. ಮೇಲೆ ಇಜಾರಿ, ಅಂದರೆ ಬಾಡಿಗೆ ಕರಾರಿನ ಸರಕಾರಿ ನೋಂದಣಿ, ಕಮಿಷನ್ ಮೇಲಿನ ವ್ಯಾಟ್. 19,000 ದಾಟಿತು. ಹೆಚ್ಚುಕಡಿಮೆ ಮೂರು ತಿಂಗಳ ಸಂಬಳ, ಒಂದು ಪಾತ್ರೆ ಕೊಳ್ಳುವ ಮೊದಲು. ಇದನ್ನು ಯಾರೂ ಹೇಳಿರುವುದಿಲ್ಲ, ಬಂದವರು ಬ್ಯಾಂಕಿನಿಂದ ಸಾಲ ಎತ್ತುತ್ತಾರೆ, ಅಲ್ಲಿಂದ ತೊಂದರೆ ಶುರು. ಬಾಡಿಗೆಯ 5 ಶೇಕಡಾ ಹೌಸಿಂಗ್ ಫೀ ಎಂದು ದೇವಾ ಬಿಲ್ಲಿನಲ್ಲಿ ತಿಂಗಳು ತಿಂಗಳು ಬರುತ್ತದೆ; ಈ ಲೆಕ್ಕದಲ್ಲಿ 200 ದಿರ್ಹಂ. ಶಾರ್ಜಾದಲ್ಲಿ ಬಾಡಿಗೆ ಕಡಿಮೆ, ನಿಜ. ಆದರೆ ದುಬೈಯಲ್ಲಿ ಕೆಲಸ ಇದ್ದರೆ ಬೆಳಗ್ಗೆ ಸಂಜೆ ರಸ್ತೆಯಲ್ಲಿ ಕಳೆಯುವ ಸಮಯವನ್ನೂ ಲೆಕ್ಕಕ್ಕೆ ಹಿಡಿ.

ಒಬ್ಬನೇ ಬಂದರೆ ಕರಾಮ, ಬರ್ ದುಬೈ, ಅಲ್ ನಹ್ದಾ ಕಡೆ ಬೆಡ್ ಸ್ಪೇಸೋ ಶೇರಿಂಗ್ ರೂಮೋ ಸಿಗುತ್ತದೆ. ಊರಿನವರ ರೂಮ್ ಇದ್ದರೆ ಕೇಳಿಕೊಂಡು ಹೋಗು, ನಾಚಿಕೆ ಬೇಡ. ನಮ್ಮ ಕಡೆಯವರು ಇಲ್ಲಿ ನೆಲೆ ನಿಂತದ್ದೇ ಹಾಗೆ. ಆದರೆ ಇಜಾರಿಯಲ್ಲಿ ನಿನ್ನ ಹೆಸರನ್ನು ವಾಸಿಸುವವರ ಪಟ್ಟಿಗೆ ಸೇರಿಸಲು ಹೇಳು.

ಶಾಲೆ: ದುಬೈಯ ಪ್ರತಿ ಖಾಸಗಿ ಶಾಲೆಯ ಫೀಸು ಇಲ್ಲಿಯ ಶಿಕ್ಷಣ ಪ್ರಾಧಿಕಾರವಾದ ಕೆಎಚ್‌ಡಿಎ ಜಾಲತಾಣದಲ್ಲಿದೆ. ನೋಡು, ಅದರ ಮೇಲೆ ಬಸ್ಸು, ಪುಸ್ತಕ, ಯೂನಿಫಾರ್ಮ್ ಸೇರಿಸು. ಸಿಬಿಎಸ್‌ಇ ಶಾಲೆಗಳ ವರ್ಷ ಏಪ್ರಿಲ್‌ನಲ್ಲಿ ಶುರು. ಕನ್ನಡವನ್ನು ವಾರಾಂತ್ಯಕ್ಕೆ ಸ್ವಯಂಸೇವಕರು ಉಚಿತವಾಗಿ ಕಲಿಸುತ್ತಾರೆ, ಯಕ್ಷಗಾನ ಕಲಿಸುವವರೂ ಇದ್ದಾರೆ; ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಡ್ರೈವಿಂಗ್ ಲೈಸೆನ್ಸ್ ಇಲ್ಲಿ ಹೊಸದಾಗಿ ಮಾಡಿಸಬೇಕು, ಖರ್ಚಿದೆ, ಮೊದಲ ವರ್ಷ ಮೆಟ್ರೋ ಸಾಕು. ಸೆಕೆ ಹೇಗೆ ಎಂದು ಕೇಳಿದ್ದೀ. ಅಕೌಂಟ್ಸ್ ಕೆಲಸದವನಿಗೆ ಸೆಕೆ ದೊಡ್ಡ ವಿಷಯವಲ್ಲ ಮಾರಾಯ. ಜೂನ್‌ನಲ್ಲಿ ಊರಿನವರು ಮಳೆಯ ವಿಡಿಯೋ ಕಳಿಸಿದಾಗ ಮಾತ್ರ ಕಷ್ಟ.

ಈಗ ಮುಖ್ಯ ವಿಷಯ. ಒಂದು ರಾತ್ರಿ ಊರಿನಿಂದ ಫೋನ್ ಬರುತ್ತದೆ. ಎಲ್ಲರಿಗೂ ಬರುತ್ತದೆ. ಅಪ್ಪನನ್ನು ಮಣಿಪಾಲಕ್ಕೆ ಕರೆದುಕೊಂಡು ಹೋಗಿದ್ದಾರೆ ಎಂದೋ, ಅದಕ್ಕಿಂತ ಕೆಟ್ಟ ಸುದ್ದಿಯೋ. ಅದೇ ರಾತ್ರಿ ಹೊರಡಲು ನಿನ್ನಿಂದ ಆಗುತ್ತದಾ? ಗಲ್ಫ್‌ಗೆ ಬರುವುದಾ ಬೇಡವಾ ಎಂಬುದನ್ನು ನಾನು ಈ ಒಂದು ಪ್ರಶ್ನೆಯಿಂದಲೇ ತೂಗುತ್ತೇನೆ. ವಿಡಿಯೋ ಕಾಲ್‌ನಲ್ಲಿ ಚಿತೆ ಕಂಡವರು ಇಲ್ಲಿ ಬಹಳ ಜನ ಇದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ಟಿಕೆಟಿಗೆ ದುಡ್ಡು ಇರಲಿಲ್ಲ ಎಂದಲ್ಲ. ಬೇರೆ ಯಾವುದೋ ಒಂದು ಗಂಟು ಬಿಗಿದಿತ್ತು.

ಮೊದಲ ಗಂಟು ರಜೆ. ಇಲ್ಲಿಯ ಕಾರ್ಮಿಕ ಕಾನೂನು, ಅಂದರೆ 2022ರ ಫೆಬ್ರವರಿಯಿಂದ ಜಾರಿಯಲ್ಲಿರುವುದು, ತಂದೆ, ತಾಯಿ, ಮಕ್ಕಳು, ಒಡಹುಟ್ಟಿದವರು ತೀರಿಕೊಂಡರೆ 3 ದಿನ, ಗಂಡ ಅಥವಾ ಹೆಂಡತಿ ತೀರಿಕೊಂಡರೆ 5 ದಿನ ಸಂಬಳದ ರಜೆ ಕೊಡುತ್ತದೆ. ಎಣಿಕೆ ಸಾವಿನ ದಿನದಿಂದಲೇ. ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿಯಲು ಎಷ್ಟು ದಿನ ಬೇಕು ಎಂದು ನಿನಗೆ ಹೇಳಬೇಕಾಗಿಲ್ಲ. ಉಳಿದ ದಿನಗಳು ನಿನ್ನ ವಾರ್ಷಿಕ ರಜೆಯಿಂದ ಬರಬೇಕು. ವರ್ಷಕ್ಕೆ 30 ದಿನ ಇದೆ, ನಡುವೆ ಬರುವ ವಾರದ ರಜೆಯನ್ನೂ ಸೇರಿಸಿ ಎಣಿಸುತ್ತಾರೆ. ಮನೆಯ ಮದುವೆ, ನಾಗಮಂಡಲ, ಕಂಬಳ ಎಂದು 30ನ್ನೂ ಖಾಲಿ ಮಾಡಬೇಡ. ಹಿರಿಯರು ಮನೆಯಲ್ಲಿರುವ ತನಕ ಹನ್ನೆರಡು ದಿನ ಯಾವಾಗಲೂ ಬಾಕಿ ಇರಲಿ. ವರ್ಷಕ್ಕೊಮ್ಮೆ ವಿಮಾನದ ಟಿಕೆಟ್ ಕೊಡಬೇಕೆಂದು ಕಾನೂನಿನಲ್ಲಿ ಇಲ್ಲ, ಕರಾರಿನಲ್ಲಿ ಬರೆದಿದ್ದರೆ ಮಾತ್ರ ಉಂಟು. ಕೇಳಿ ಬರೆಸಿಕೋ.

ಎರಡನೆಯದು ಪಾಸ್‌ಪೋರ್ಟ್. ಕೆಲಸಗಾರನ ಪಾಸ್‌ಪೋರ್ಟನ್ನು ಕಂಪನಿ ಇಟ್ಟುಕೊಳ್ಳುವಂತಿಲ್ಲ. ಆದರೂ ‘ಭದ್ರತೆಗೆ’ ಎಂದು ಕೇಳುವವರಿದ್ದಾರೆ. ಅಕೌಂಟ್ಸ್‌ನವರನ್ನು ಹೆಚ್ಚು ಕೇಳುತ್ತಾರೆ, ಏಕೆಂದರೆ ನಿನ್ನ ಕೈಯಲ್ಲಿ ಅವರ ಲೆಕ್ಕ ಇರುತ್ತದೆ. ವೀಸಾ ಕೆಲಸಕ್ಕೆ ಕೊಟ್ಟರೆ ರಸೀದಿ ತೆಗೆದುಕೋ, ಮುಗಿದ ದಿನವೇ ವಾಪಸು ಕೇಳು. ಅವಧಿ ಒಂದು ವರ್ಷ ಉಳಿದಿರುವಾಗಲೇ ರಿನ್ಯೂವಲ್‌ಗೆ ಹಾಕು. ಇನ್ನೊಂದು ನಮ್ಮವರ ತೊಂದರೆ ಇನಿಶಿಯಲ್. ಸರ್‌ನೇಮ್ ಜಾಗ ಖಾಲಿ ಇರುವ ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ಯುಎಇ 2022ರ ನವೆಂಬರ್‌ನಿಂದ ವಿಸಿಟ್ ವೀಸಾ ಪ್ರವೇಶ ಕೊಡುತ್ತಿಲ್ಲ. ನಿನ್ನದು ಮಾತ್ರವಲ್ಲ, ಅಪ್ಪ ಅಮ್ಮನ ಪಾಸ್‌ಪೋರ್ಟನ್ನೂ ಈಗಲೇ ತೆಗೆದು ನೋಡು. ಮುಂದೆ ಒಂದು ತಿಂಗಳು ಇಲ್ಲಿಗೆ ಕರೆಸಿಕೊಳ್ಳಬೇಕು ಅನಿಸಿದಾಗ ಅಲ್ಲೇ ಸಿಕ್ಕಿಬೀಳುತ್ತದೆ.

ಮೂರನೆಯದು ವೀಸಾ. ಎಂಟ್ರಿ ಪರ್ಮಿಟ್‌ನಲ್ಲಿ ಬಂದು, ಮೆಡಿಕಲ್‌ನಲ್ಲಿ ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ, ಬೆರಳಚ್ಚು ಮುಗಿದು ಎಮಿರೇಟ್ಸ್ ಐಡಿ ಕೈಗೆ ಬರುವ ತನಕ ದೇಶ ಬಿಟ್ಟು ಹೋದರೆ ಪ್ರಕ್ರಿಯೆ ಕೆಟ್ಟುಹೋಗಬಹುದು. ಹಾಗಾಗಿ ಅಪ್ಪನಿಗೆ ಆಪರೇಷನ್ ಇದ್ದರೆ ಅದನ್ನು ಮುಗಿಸಿಯೇ ವಿಮಾನ ಹತ್ತು, ಸೇರುವ ತಾರೀಖನ್ನು ಮುಂದಕ್ಕೆ ಹಾಕಿಸಿಕೋ. ವಿಸಿಟ್ ವೀಸಾದಲ್ಲಿ ಬಂದು ಕೆಲಸ ಶುರು ಮಾಡು, ಆಮೇಲೆ ಬದಲಾಯಿಸುತ್ತೇವೆ ಎಂದರೆ ಒಪ್ಪಬೇಡ. ಹಾಗೆ ಕೆಲಸ ಮಾಡುವುದು ಅಪರಾಧ. ವೀಸಾ ಖರ್ಚು ಕಂಪನಿಯದು. ಊರಿನ ಏಜೆಂಟ್ ವೀಸಾಕ್ಕೆಂದು ಲಕ್ಷ ಕೇಳಿದರೆ ಆ ಆಫರನ್ನೇ ಬಿಡು.

ನಾಲ್ಕನೆಯದು ಸಾಲ, ಇದೇ ಎಲ್ಲಕ್ಕಿಂತ ಬಿಗಿ. ಸಂಬಳದ 20 ಪಟ್ಟು ತನಕ ಪರ್ಸನಲ್ ಲೋನ್ ಕೊಡಲು ಬ್ಯಾಂಕುಗಳಿಗೆ ಅವಕಾಶವಿದೆ, ಹೆಚ್ಚೆಂದರೆ 48 ಕಂತು, ತಿಂಗಳ ಕಂತುಗಳೆಲ್ಲ ಸೇರಿ ಸಂಬಳದ ಅರ್ಧ ಮೀರಬಾರದು. ನಿನಗೆ 1,40,000 ದಿರ್ಹಂ ಎಂದು ಫೋನ್ ಮಾಡಿ ಹೇಳುತ್ತಾರೆ. ಊರಿನ ಮನೆಯ ನಕ್ಷೆ ಕಣ್ಣ ಮುಂದೆ ಬರುತ್ತದೆ. ಕೆಲಸ ಹೋಗಿ ಕಂತು ನಿಂತರೆ, 10,000 ದಿರ್ಹಂಗೂ ಮೇಲಿನ ಬಾಕಿಗೆ ಸಾಲ ಕೊಟ್ಟವರು ಕೋರ್ಟಿನಲ್ಲಿ ಪ್ರಯಾಣ ನಿಷೇಧ ತರಬಹುದು. ಅದು ಎಷ್ಟೋ ಜನರಿಗೆ ಗೊತ್ತಾಗುವುದು ಇಮಿಗ್ರೇಷನ್ ಕೌಂಟರಿನಲ್ಲಿ, ಊರಿಗೆ ಹೊರಟಾಗ. ಬಾಡಿಗೆಯ ಚೆಕ್ ಬೌನ್ಸ್ ಆದರೂ ಮನೆಯವನು ನೇರವಾಗಿ ವಸೂಲಿಗೆ ಹೋಗಬಹುದು. ದುಬೈ ಪೊಲೀಸ್ ಆಪ್‌ನಲ್ಲಿ ನಿನ್ನ ಹೆಸರಿನಲ್ಲಿ ಹಣಕಾಸಿನ ಕೇಸು ಇದೆಯೇ ಎಂದು ನೋಡಿಕೊಳ್ಳಲು ಆಗುತ್ತದೆ.

ಊರಿನಲ್ಲಿ ದೊಡ್ಡ ಮನೆ ಮೊದಲ ಐದು ವರ್ಷಕ್ಕೆ ಬೇಡ. ನಮ್ಮ ಮಳೆಗೆ ಬೀಗ ಹಾಕಿದ ಮನೆ ಎಷ್ಟು ಬೇಗ ಪಾಚಿ ಹಿಡಿಯುತ್ತದೆ ಎಂದು ನೀನೇ ನೋಡಿದ್ದೀ. ಹಳೆ ಮನೆಯಲ್ಲಿ ಅಪ್ಪ ಅಮ್ಮನಿಗೆ ಒಳಗೇ ಬಚ್ಚಲು, ಹಿಡಿದುಕೊಳ್ಳಲು ಕಂಬಿ, ಜಾರದ ನೆಲ ಮಾಡಿಸು. ಅಮ್ಮನ ಖಾತೆಯಲ್ಲಿ ಆಸ್ಪತ್ರೆಗೆಂದೇ ಒಂದು ಮೊತ್ತ ಇರಲಿ. ರಾತ್ರಿ ಕರೆದರೆ ಬರುವ ರಿಕ್ಷಾದವನಿಗೆ ವರ್ಷಕ್ಕೊಮ್ಮೆ ನೀನೇ ಹೋಗಿ ಏನಾದರೂ ಕೊಟ್ಟು ಬಾ. ಅಪ್ಪ ಅಮ್ಮನನ್ನು ಇಲ್ಲಿ ಖಾಯಂ ಇಟ್ಟುಕೊಳ್ಳುತ್ತೇನೆ ಎಂಬ ಲೆಕ್ಕ ಬೇಡ: ಅವರ ವೀಸಾ ವರ್ಷದ ಲೆಕ್ಕದ್ದು, ಸಂಬಳದ ಮಿತಿ ನಿನ್ನದಕ್ಕಿಂತ ತುಂಬ ಮೇಲೆ, ವಯಸ್ಸಾದವರ ಆರೋಗ್ಯ ವಿಮೆ ದುಬಾರಿ. ಅವರೂ ಹಟ್ಟಿ, ತೋಟ ಬಿಟ್ಟು ಹದಿನಾಲ್ಕನೇ ಮಹಡಿಯಲ್ಲಿ ಹೆಚ್ಚು ದಿನ ನಿಲ್ಲುವವರಲ್ಲ.

ಇಲ್ಲಿ ಎಷ್ಟು ವರ್ಷ ದುಡಿದರೂ ನೆಲೆ ನಿನ್ನದಾಗುವುದಿಲ್ಲ. ಊರಿನಲ್ಲಿ ಗೇಣಿಗೆ ಗದ್ದೆ ಮಾಡುತ್ತಿದ್ದವರಿಗೆ 1974ರ ನಂತರ, ಉಳುವವನು ನಾನೇ ಎಂಬ ಡಿಕ್ಲರೇಶನ್ ಅರ್ಜಿ ಕೊಟ್ಟು ಭೂಮಿ ಸಿಕ್ಕಿತು. ಈ ಗೇಣಿಗೆ ಡಿಕ್ಲರೇಶನ್ ಇಲ್ಲ. ದೀರ್ಘಾವಧಿಯ ಗೋಲ್ಡನ್ ವೀಸಾ ಬೇರೆ ಸಂಬಳದವರಿಗೆ. ಅದಕ್ಕೇ ಊರಿನ ಕಾಗದಗಳನ್ನು ಬರುವ ಮೊದಲೇ ಸರಿ ಮಾಡು. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದ್ದರೆ ಪೌತಿ ಖಾತೆ ಮಾಡಿಸು. ಪಕ್ಕದ ಗದ್ದೆ ಮಾರಾಟಕ್ಕಿದ್ದು ನಿನಗೆ ಮನಸ್ಸಿದ್ದರೆ ಈಗಲೇ ತೀರ್ಮಾನಿಸು: ಎನ್‌ಆರ್‌ಐ ಆದ ಮೇಲೆ ಕೃಷಿ ಭೂಮಿ ಪಾಲಿಗೆ ಬಂದರೆ ಇಟ್ಟುಕೊಳ್ಳಬಹುದು, ಕೊಳ್ಳುವಂತಿಲ್ಲ. 2020ರಲ್ಲಿ ಕರ್ನಾಟಕ ಭೂ ಸುಧಾರಣಾ ಕಾಯ್ದೆ ಸಡಿಲವಾಗಿದ್ದರೂ ಕೇಂದ್ರದ ವಿದೇಶಿ ವಿನಿಮಯ ಕಾನೂನು ಫೆಮಾದ ತಡೆ ಹಾಗೆಯೇ ಇದೆ. ಇಲ್ಲಿಂದ ಪವರ್ ಆಫ್ ಅಟಾರ್ನಿ ಕಳಿಸುವುದಾದರೆ ಭಾರತೀಯ ಕಾನ್ಸುಲೇಟ್‌ನಲ್ಲಿ ದೃಢೀಕರಿಸಿ, ಊರಿಗೆ ತಲುಪಿದ 3 ತಿಂಗಳೊಳಗೆ ಸ್ಟಾಂಪ್ ಡ್ಯೂಟಿ ಕಟ್ಟಿಸಬೇಕು. ಎನ್‌ಆರ್‌ಐಗಳಿಗೆ ಎರಡು ಬಗೆಯ ಬ್ಯಾಂಕ್ ಖಾತೆ: ಈಗಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಮಾಡಿಸು, ಇಲ್ಲಿಂದ ಕಳಿಸುವ ಹಣಕ್ಕೆ ಎನ್‌ಆರ್‌ಇ ಖಾತೆ ತೆರೆ. ಎನ್‌ಆರ್‌ಇ ಬಡ್ಡಿಗೆ ಊರಿನಲ್ಲಿ ತೆರಿಗೆ ಇಲ್ಲ. ಪಿಪಿಎಫ್ ಬೇಕಿದ್ದರೆ ಹೊರಡುವ ಮೊದಲೇ ತೆರೆ, ಆಮೇಲೆ ಹೊಸದು ಆಗುವುದಿಲ್ಲ, ಹಳೆಯದು ಅವಧಿ ಮುಗಿಯುವ ತನಕ ನಡೆಯುತ್ತದೆ.

ಬೇಸಿಕ್ 4,000ದ ಮೇಲೆ, ಟಿಕೆಟ್ ಕರಾರಿನಲ್ಲಿ, ಊರಿನಲ್ಲಿ ಅಪ್ಪ ಅಮ್ಮನ ಹತ್ತಿರ ತಂಗಿಯೋ ಚಿಕ್ಕಪ್ಪನೋ ಇದ್ದಾರೆ ಎಂದಾದರೆ ಬಾ. ಒಂದು ವರ್ಷ ನೋಡಿ, ಕೈಯಲ್ಲಿ 25,000 ದಿರ್ಹಂ ಸಾಲವಿಲ್ಲದೆ ನಿಂತ ಮೇಲೆ ಹೆಂಡತಿ ಮಗಳನ್ನು ಕರೆಸು. ಹತ್ತಿರ ಯಾರೂ ಇಲ್ಲದಿದ್ದರೆ, ಬೆಂಗಳೂರಿನ 55,000 ಬಿಟ್ಟು ಬರುವಷ್ಟು ಈ 7,000 ದೊಡ್ಡದಲ್ಲ. ರಾತ್ರಿ ಬಸ್ಸಿಗೆ ಹತ್ತಿ ಬೆಳಗ್ಗೆ ಮನೆ ಮುಟ್ಟುವ ದಾರಿ ನಿನಗೆ ಅಲ್ಲಿ ಇದೆ.

ಬರುವುದೇ ಆದರೆ ಡಿಗ್ರಿ, ಮದುವೆ, ಮಗಳ ಜನನ ಪ್ರಮಾಣಪತ್ರ ಮೂರನ್ನೂ ಅಟೆಸ್ಟ್ ಮಾಡಿಸಿ ತಾ: ರಾಜ್ಯ, ದೆಹಲಿಯ ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿ, ಕೊನೆಗೆ ಇಲ್ಲಿಯ ಮೊಫಾ, ಅಂದರೆ ಯುಎಇಯ ವಿದೇಶಾಂಗ ಸಚಿವಾಲಯ. ಮೂರರಲ್ಲೂ ಹೆಸರಿನ ಅಕ್ಷರ ಪಾಸ್‌ಪೋರ್ಟಿನಂತೆಯೇ ಇರಲಿ. ಅಮ್ಮ ಕಟ್ಟಿಕೊಡುವ ಡಬ್ಬಿಗಳನ್ನು ನೀನೇ ಬಿಚ್ಚಿ ನೋಡು. ಗಸಗಸೆ ಇಲ್ಲಿ ಮಾದಕ ವಸ್ತುವಿನ ಲೆಕ್ಕ, ಒಂದು ಚಮಚವೂ ತರಬೇಡ, ಮಸಾಲೆ ಪುಡಿಯಲ್ಲಿ ಬೆರೆಸಿದ್ದರೂ ಬೇಡ. ವೀಳ್ಯದೆಲೆಯೂ ಬೇಡ. ಟ್ರಮಡಾಲ್, ಕೊಡೀನ್ ಇರುವ ಮಾತ್ರೆ, ಕೆಮ್ಮಿನ ಔಷಧಿಗೆ ಮೊದಲೇ ಇಲ್ಲಿಯ ಆರೋಗ್ಯ ಇಲಾಖೆಯ ಅನುಮತಿ ಬೇಕು. ಕುಚ್ಚಲಕ್ಕಿ, ಬಂಗುಡೆ ಎರಡೂ ಇಲ್ಲಿ ಸಿಗುತ್ತವೆ, ಅದಕ್ಕೆ ಲಗೇಜಿನ ತೂಕ ವ್ಯರ್ಥ ಮಾಡಬೇಡ.