ಎಣಿಕೆ ತಪ್ಪಿಲ್ಲ, ಆರೇ ಕೈ

ಹಳೇ ಹಾಲಿವುಡ್ ಸಿನಿಮಾದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆ ಮುರಿಯೋ ದೈತ್ಯ ಆಕ್ಟೋಪಸ್‌ಗೆ ಎಂಟರ ಬದಲು ಆರೇ ಕೈ ಕಾಣ್ತವೆ, ನಾನು ಎಣಿಸಿದ್ದು ತಪ್ಪಾ ಅಂತ ಕೇಳಿದ್ದೀರಿ. ತಪ್ಪಿಲ್ಲ ಬಿಡಿ. 1955ರ ಆ ಸಿನಿಮಾ ‘ಇಟ್ ಕೇಮ್ ಫ್ರಮ್ ಬಿನೀತ್ ದ ಸೀ’ಗೆ ಸ್ಪೆಷಲ್ ಎಫೆಕ್ಟ್ಸ್ ಮಾಡಿದ ರೇ ಹ್ಯಾರಿಹೌಸನ್ ಬಳಸಿದ್ದೇ ಆರು ಕೈಯ ಗೊಂಬೆ. ಕಾರಣ ದುಡ್ಡು. ಗೊಂಬೆಯನ್ನ ಚೂರುಚೂರೇ ಸರಿಸಿ ಒಂದೊಂದೇ ಚಿತ್ರ ತೆಗೆದು ಅದು ಚಲಿಸೋ ಹಾಗೆ ತೋರಿಸೋ ಸ್ಟಾಪ್ ಮೋಷನ್ ಅಂದ್ರೆ ಸೆಕೆಂಡಿಗೆ 24 ಫ್ರೇಮು. ಒಂದೊಂದು ಫ್ರೇಮಿಗೂ ಒಂದೊಂದು ಕೈಯನ್ನೂ ಕೂದಲೆಳೆಯಷ್ಟು ಸರಿಸಬೇಕು. ಎರಡು ಕೈ ಕಡಿಮೆ ಆದ್ರೆ ಅಷ್ಟು ಕೆಲಸ ಉಳೀತು. ಮಿಕ್ಕ ಎರಡು ನೀರೊಳಗಿರಬೇಕು ಅಂತ ನಾವೇ ಅಂದ್ಕೋತೀವಿ!

ಇದಾದ್ರೂ ಮರ್ಯಾದಸ್ತ ಉಳಿತಾಯ. ದೈತ್ಯ ಮಿಡತೆಗಳು ಶಿಕಾಗೋಗೆ ನುಗ್ಗೋ 1957ರ ಸಿನಿಮಾ ‘ಬಿಗಿನಿಂಗ್ ಆಫ್ ದಿ ಎಂಡ್’ನಲ್ಲಿ ಅಲ್ಲಿನ ಕಟ್ಟಡಗಳ ಫೋಟೊ ಮೇಲೆ ಜೀವಂತ ಮಿಡತೆ ಬಿಟ್ಟು ಶೂಟ್ ಮಾಡಿದ್ರು. ಗೋಡೆ ಹತ್ತುತ್ತಾ ಹತ್ತುತ್ತಾ ಒಂದು ಮಿಡತೆ ಸೀದಾ ಆಕಾಶದ ಮೇಲೇ ಕಾಲಿಡುತ್ತೆ, ನೋಡಿ.